ಬೆಳಗಾಗಲಿ ಅಂತ ಕಾಯಬಾರದ ಜ್ವರ

ನನ್ನ ಬಳಿ ಸಲಹೆಗೆ ಬಂದವರು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯವರು. ವಯಸ್ಸು 58 ಎಂದಿಟ್ಟುಕೊಳ್ಳಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೊಟ್ಟೆ ಕ್ಯಾನ್ಸರಿಗೆ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಗಡ್ಡೆ ಗುಲ್ಮಕ್ಕೂ (ಸ್ಪ್ಲೀನ್) ಅಂಟಿಕೊಂಡಿದ್ದರಿಂದ ಜಠರದ ಜೊತೆ ಅದನ್ನೂ ತೆಗೆದಿದ್ದರು.

ಮಾತಾಡಿದ್ದೆಲ್ಲ ಹೆಂಡತಿ. "ಗುಲ್ಮ ಇಲ್ಲದವರಿಗೆ ಬೇಗ ರೋಗ ಅಂಟುತ್ತಂತೆ ಮೇಡಂ. ತಟ್ಟೆ, ಲೋಟ ಬೇರೆ ಇಟ್ಟಿದ್ದೀವಿ. ಮೊಮ್ಮಗೂನ ಹತ್ರ ಬಿಡಲ್ಲ." ಗಂಡ ಸ್ವೆಟರಿನ ತೋಳಿನ ಎಳೆಯೊಂದನ್ನು ಎಳೆಯುತ್ತಾ ಕೂತಿದ್ದರು. "ನಮ್ಮನೇಲೇ ನೆಂಟನ ಥರ ಇದ್ದೀನಿ" ಎಂದರು ಕೊನೆಗೆ.

ಆಮೇಲೆ ಮಗ ಸುಮ್ನೆ ಮಾತಿಗೆ ಹೇಳಿದ್ದು ಕೇಳಿ ನನಗೆ ಎದೆ ಧಸಕ್ಕೆಂದಿತು. ಜುಲೈನಲ್ಲಿ ಒಂದು ರಾತ್ರಿ ಅಪ್ಪನಿಗೆ ಚಳಿಜ್ವರ. ಜೋರು ಮಳೆ, ದಾರಿಗೆ ಮರ ಬಿದ್ದಿತ್ತು. ಪ್ಯಾರಾಸಿಟಮಾಲ್ ಕೊಟ್ಟು, ಕಂಬಳಿ ಹೊದಿಸಿ ಬೆಳಗಿನವರೆಗೆ ಕಾದರಂತೆ. "ಮಳೆಗಾಲದ ಜ್ವರ ಅಲ್ವಾ?"

ಭಯಪಡಬೇಕಾದ್ದು ತಟ್ಟೆಗಲ್ಲ, ಈ ಜ್ವರಕ್ಕೆ. ಎಡಪಕ್ಕೆಯ ಒಳಗೆ ಇರುವ, ಸುಮಾರು 150 ಗ್ರಾಂ ತೂಗುವ ಗುಲ್ಮ ರಕ್ತವನ್ನು ಸೋಸುತ್ತದೆ. ನ್ಯುಮೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳಿಗೆ ಜಾರುವ ಹೊದಿಕೆ ಇರುತ್ತದೆ. ಹೊಳೆ ಮೀನಿನ ಹಾಗೆ, ಕೈಗೆ ಸಿಗುವುದಿಲ್ಲ. ಅವನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಗ ತಯಾರಿಸುವುದರಲ್ಲಿ ಗುಲ್ಮದ ಪಾತ್ರ ದೊಡ್ಡದು. ಅದಿಲ್ಲದಿದ್ದರೆ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆಲ್ಲ ಹರಡಬಹುದು.

"ಹಾಗಾದ್ರೆ ಅದನ್ನ ಸುಮ್ನೆ ತೆಗೆದ್ರಾ?" ಎಂದು ಗಂಡ ಕೇಳಿದರು. ಆರು ತಿಂಗಳಿಂದ ಕೊರೆಯುತ್ತಿದ್ದ ಪ್ರಶ್ನೆ ಇದೇ ಇರಬೇಕು. ಜಪಾನಿನಲ್ಲಿ 505 ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಹೇಳಿದೆ. ಜಠರದ ಮೇಲ್ಭಾಗದ ಗಡ್ಡೆ ಗುಲ್ಮದ ಕಡೆಯ ಅಂಚಿಗೆ ಹರಡದಿದ್ದರೆ ಗುಲ್ಮ ತೆಗೆದು ಲಾಭವಿಲ್ಲ ಎಂದು ಅದರಲ್ಲಿ ಕಂಡಿತು. ನಿಮ್ಮದು ಅಂಟಿಕೊಂಡಿತ್ತು, ಬಿಡುವ ಹಾಗಿರಲಿಲ್ಲ ಎಂದೆ. ಅವರು ಎಳೆ ಎಳೆಯುವುದನ್ನು ನಿಲ್ಲಿಸಿದರು.

ಪ್ಲಾಸ್ಟಿಕ್ ಕವರಿನ ಕಾಗದಗಳಲ್ಲಿ ಲಸಿಕೆ ಒಂದೇ ದಾಖಲಾಗಿತ್ತು. ನ್ಯುಮೋಕಾಕಲ್ ಜೊತೆ ಮೆನಿಂಜೋಕಾಕಲ್, ಹಿಬ್ (ಇವೂ ಅಂಥದೇ ಹೊದಿಕೆಯ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳು), ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ ಬೇಕು. ಕೀಮೋ ನಡೆಯುತ್ತಿರುವುದರಿಂದ ಯಾವಾಗ ಎಂಬುದನ್ನು ಕ್ಯಾನ್ಸರ್ ವೈದ್ಯರೇ ಹೇಳಬೇಕು. ತುರ್ತಿಗೆ ಮನೆಯಲ್ಲಿಡುವ ಆಂಟಿಬಯೋಟಿಕ್ ಬಗ್ಗೆಯೂ ಅವರನ್ನೇ ಕೇಳಿ ಎಂದೆ. ತೋಟದ ನಾಯಿ ಕಚ್ಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ತೋರಿಸಬೇಕು.

ಊಟ ಎಲ್ಲರ ಜೊತೆ ಕೂತೇ ಮಾಡಿ. ಮೊಮ್ಮಗೂನ ಎತ್ಕೊಳ್ಳಿ, ಅದಕ್ಕೆ ಜ್ವರ, ನೆಗಡಿ ಇದ್ದ ದಿನ ಮಾತ್ರ ಬೇಡ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ನಡುಕ ಬಂದರೆ, ಆ ಗಳಿಗೆಯಲ್ಲೇ ಹೊರಡಬೇಕು. ಆಸ್ಪತ್ರೆಯಲ್ಲಿ ಬಾಯಿಂದ ಬರುವ ಮೊದಲ ಮಾತು "ಗುಲ್ಮ ತೆಗೆದಿದ್ದಾರೆ" ಅಂತಿರಲಿ. ಮಗ ಅಲ್ಲೇ ಫೋನ್ ತೆಗೆದು, ಪಕ್ಕದ ತೋಟದ ಜೀಪಿನವರಿಗೆ ಕರೆ ಮಾಡಿದ. ಮರ ಬಿದ್ದರೆ ಯಾವ ದಾರಿ ಹಿಡಿಯೋದು ಅಂತ ಇಬ್ಬರೂ ಮಾತಾಡಿಕೊಂಡರು.