ಆಂಬುಲೆನ್ಸ್ ಬಾಗಿಲಲ್ಲಿ ನಿಂತಿರುವಾಗ

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದುಡಿದು ನಿವೃತ್ತರಾದ, ಉಡುಪಿಯ ಹಿರಿಯ ಸಿಸ್ಟರ್ ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸಿಸ್ಟರ್, ನನ್ನ ತಂಗಿಗೆ ಕುಂದಾಪುರ ಕಡೆಯ ಒಂದು ಆಸ್ಪತ್ರೆಯಲ್ಲಿ ಎಂಟು ತಿಂಗಳಿಗೇ ಹೆರಿಗೆಯಾಯಿತು. ಮಗುವಿಗೆ ಉಸಿರಾಟದ ತೊಂದರೆ, ಮಣಿಪಾಲಕ್ಕೆ ಕರಕೊಂಡು ಹೋಗಿ ಅಂದರು. ಆಂಬುಲೆನ್ಸ್ ಬಂದು ನಿಂತರೂ ಮುಕ್ಕಾಲು ಗಂಟೆ ಮಗುವನ್ನು ಬಿಡಲಿಲ್ಲ. ನಾವು ಗಲಾಟೆ ಮಾಡಿದೆವು. ಮಗು ಈಗ ಹುಷಾರಿದೆ. ಆದರೂ ಅಷ್ಟು ತಡ ಮಾಡಿದ್ದು ಸರಿಯೇ?
– ಓದುಗರೊಬ್ಬರು, ಬೈಂದೂರು

ಉತ್ತರ: ಮಗು ಹುಷಾರಾಗಲಿಕ್ಕೆ ಆ ಮುಕ್ಕಾಲು ಗಂಟೆಯೂ ಒಂದು ಕಾರಣ ಇರಬಹುದು ಮಾರಾಯ್ರೆ. ಒಳಗೆ ಏನು ನಡೆಯುತ್ತಿದೆ ಅಂತ ಯಾರಾದರೂ ಹೊರಗೆ ಬಂದು ಎರಡು ಮಾತು ಹೇಳಬೇಕಿತ್ತು. ಹೇಳದೇ ಇದ್ದದ್ದು ಅವರ ತಪ್ಪು, ಅದನ್ನು ಒಪ್ಪುತ್ತೇನೆ.

ಮೊದಲ ಕೆಲಸ ಮೈ ಬೆಚ್ಚಗಿಡುವುದು. ತಿಂಗಳು ತುಂಬದ ಮಗುವಿನ ಚರ್ಮದಡಿ ಕೊಬ್ಬು ತೀರಾ ಕಡಿಮೆ. ಮೈಯ ಶಾಖ ನೋಡನೋಡುತ್ತಲೇ ಇಳಿಯುತ್ತದೆ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಇಳಿದರೆ, ಮೈ ಬಿಸಿ ಮಾಡಿಕೊಳ್ಳಲಿಕ್ಕೆಂದೇ ಮಗು ಇದ್ದಬದ್ದ ಸಕ್ಕರೆ, ಆಮ್ಲಜನಕ ಎಲ್ಲ ಖರ್ಚು ಮಾಡುತ್ತದೆ, ಉಸಿರಾಟ ಇನ್ನಷ್ಟು ಕೆಡುತ್ತದೆ. ಥರ್ಮಾಮೀಟರ್ ಇಡುವ ಮೊದಲೇ ನಾವು ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ ನೋಡುತ್ತಿದ್ದೆವು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಾಗಿದ್ದರೆ ಥಂಡಿ ಶುರುವಾಗಿದೆ ಅಂತ ಲೆಕ್ಕ. ಎರಡೂ ತಣ್ಣಗಿದ್ದರೆ, ಮೇಲಿನಿಂದ ಶಾಖ ಕೊಡುವ ವಾರ್ಮರ್‌ನಿಂದ ಮಗುವನ್ನು ಎತ್ತುವ ಮಾತೇ ಇಲ್ಲ, ಹೊರಗೆ ಯಾರು ಎಷ್ಟು ಕೂಗಾಡಿದರೂ.

ಆಮೇಲೆ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಾರೆ. ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿದ್ದರೆ 10 ಶೇಕಡಾ ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸ್ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ಮತ್ತೆ ನೋಡಬೇಕು. ಕೊಡಲಿಕ್ಕೆ ರಕ್ತನಾಳ ಸಿಗಬೇಕಲ್ಲ, ಅದು ನೂಲಿನಷ್ಟು ಸಪೂರ. ಉಸಿರಿನ ಟ್ಯೂಬ್ ಹಾಕಿದ್ದರೆ ಪ್ಲಾಸ್ಟರ್ ಹಚ್ಚಿ ಭದ್ರ ಮಾಡಬೇಕು. ಹಂಪ್ ಹಾರಿಸಿದಾಗ ಅದು ಒಂದಿಷ್ಟು ಜಾರಿದರೂ ಸಾಕು; ಹೆದ್ದಾರಿ ಬದಿಯಲ್ಲಿ, ಅಲುಗಾಡುವ ಗಾಡಿಯೊಳಗೆ ಅದನ್ನು ಮತ್ತೆ ಹಾಕುವ ಫಜೀತಿ ಹಾಕಿದವರಿಗೇ ಗೊತ್ತು. ಆಮ್ಲಜನಕದ ಸಿಲಿಂಡರ್ ಲೆಕ್ಕ ಬೇರೆ. ನಿಮಿಷಕ್ಕೆ 5 ಲೀಟರ್ ಅಂದರೆ ಗಂಟೆಗೆ 300 ಲೀಟರ್. ಕುಂದಾಪುರದಿಂದ ಮಣಿಪಾಲಕ್ಕೆ 40 ಕಿಲೋಮೀಟರ್ ಆಸುಪಾಸು ಅಷ್ಟೇ, ಆದರೆ ಬ್ರಹ್ಮಾವರದಲ್ಲೋ ಸಂತೆಕಟ್ಟೆಯಲ್ಲೋ ಸಿಕ್ಕಿಬಿದ್ದರೆ? ಹಾಗಾಗಿ ದಾರಿಗೆ ಬೇಕಾದದ್ದರ ಎರಡರಷ್ಟು ಇಟ್ಟುಕೊಂಡೇ ಹೊರಡುವುದು. ಇದೆಲ್ಲದರ ನಡುವೆ ಅಲ್ಲಿ ಬೆಡ್, ವೆಂಟಿಲೇಟರ್ ಖಾಲಿ ಇದೆಯೇ ಅಂತ ಫೋನ್ ಮಾಡಿ ಕೇಳಬೇಕು. ಕೇಳದೆ ಹೊರಟವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿದ್ದನ್ನು ನೋಡಿದ್ದೇನೆ.

ಹಾಗಂತ ಎಲ್ಲ ತಡವೂ ಒಳ್ಳೆಯದಲ್ಲ. ತಿಂಗಳು ತುಂಬಿ, ಹುಟ್ಟುವಾಗ ಉಸಿರುಗಟ್ಟಿದ ಕೆಲವು ಮಕ್ಕಳಿಗೆ ಮಿದುಳು ಉಳಿಸಲು ಮೈಯನ್ನು 33.5 ಡಿಗ್ರಿಗೆ ಇಳಿಸಿ 72 ಗಂಟೆ ಇಡುವ ಚಿಕಿತ್ಸೆ ಇದೆ. ಅದು ಹುಟ್ಟಿದ 6 ಗಂಟೆಯೊಳಗೆ ಶುರುವಾಗಬೇಕು. ಅಲ್ಲಿ ಗಡಿಯಾರ ನೋಡಲೇಬೇಕು.

ನೀವು ಕೇಳದ ಇನ್ನೊಂದು ಮಾತು. ತಿಂಗಳು ತುಂಬುವ ಮೊದಲೇ ನೋವು ಬಂದರೆ, ಹೆರಿಗೆಗೆ ಇನ್ನೂ ಹೊತ್ತಿದೆ ಎಂದು ಡಾಕ್ಟರು ಹೇಳಿದರೆ, ತಾಯಿಯನ್ನೇ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಎಲ್ಲಕ್ಕಿಂತ ಕ್ಷೇಮ. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿಸಿಕೊಂಡೇ ಹೊರಡಿ.

ಪ್ರಶ್ನೆ: ನಮ್ಮ ಕಡೆ ಸಿಗುವ ಗಾಡಿಯಲ್ಲಿ ಮಗುವಿನ ಗಾಜಿನ ಪೆಟ್ಟಿಗೆ ಇರುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಬಿಸಿನೀರಿನ ಬಾಟಲಿ ಇಟ್ಟರೆ ಸಾಕಾ? ದಾರಿಯಲ್ಲಿ ನಾಲಿಗೆಗೆ ಚೂರು ಜೇನು ಹಚ್ಚಬಹುದಾ?
– ಅಜ್ಜಿಯೊಬ್ಬರು, ಹೆಬ್ರಿ

ಉತ್ತರ: ಬಾಟಲಿ ಬೇಡಮ್ಮ. ಆ ಚರ್ಮಕ್ಕೆ ಬೊಕ್ಕೆ ಬರಲು ಹೆಚ್ಚು ಹೊತ್ತು ಬೇಡ. ಜೇನೂ ಬೇಡ, ಸಕ್ಕರೆ ನೀರೂ ಬೇಡ. ಏದುಸಿರು ಬಿಡುವ ಮಗುವಿಗೆ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು.

ಪೆಟ್ಟಿಗೆ ಇಲ್ಲದಿದ್ದರೆ ಎದೆ ಇದೆಯಲ್ಲ. ಸಿಸೇರಿಯನ್ ಆದ ಬಾಣಂತಿ ಅಲ್ಲೇ ಉಳಿಯುತ್ತಾಳೆ, ಆದ್ದರಿಂದ ಅಪ್ಪನೇ ಅಂಗಿ, ಬನಿಯನ್ ಕಳಚಿ ಕೂರಲಿ. ನಾಚಿಕೆ ಎಲ್ಲ ಆಮೇಲೆ. ಟೊಪ್ಪಿ, ಕಾಲುಚೀಲ, ಡಯಾಪರ್ ಬಿಟ್ಟು ಮಗುವಿಗೆ ಬೇರೆ ಬಟ್ಟೆ ಬೇಡ. ಎದೆಗೆ ಎದೆ ತಾಗುವಂತೆ ಮಲಗಿಸಿ, ಮುಖ ಒಂದು ಬದಿಗೆ ತಿರುಗಿಸಿ, ಬೈರಾಸಿನಿಂದ ಸುತ್ತಿ ಕಟ್ಟಿ, ಮೇಲೊಂದು ಕಂಬಳಿ. ಮೂಗು ಮಾತ್ರ ಸದಾ ಕಾಣುತ್ತಿರಬೇಕು. ಆಮ್ಲಜನಕ ಹೋಗುತ್ತಿದ್ದರೆ ಪಕ್ಕದಲ್ಲಿ ತಿಳಿದ ಸಿಸ್ಟರ್ ಬೇಕೇ ಬೇಕು. ಕಡಿಮೆಯಾದರೆ ಜೀವಕ್ಕೆ, ತಿಂಗಳು ತುಂಬದ ಮಗುವಿಗೆ ಹೆಚ್ಚಾದರೆ ಕಣ್ಣಿಗೆ ತೊಂದರೆ.

ಬಾಣಂತಿ ಅಲ್ಲಿ ಅಳುತ್ತ ಕೂರುವುದು ಬೇಡ. ಹೆರಿಗೆಯಾಗಿ ಆರು ಗಂಟೆಯೊಳಗೆ ಕೈಯಿಂದ ಹಾಲು ಹಿಂಡಲು ಶುರು ಮಾಡಲಿ, ಶುದ್ಧ ಡಬ್ಬಿಯಲ್ಲಿ ತಂಪಾಗಿಟ್ಟು ಕಳಿಸಿ. ಗಿಣ್ಣುಹಾಲು ನಾಲ್ಕೇ ಹನಿ ಬಂದರೂ ಚೆಲ್ಲಬೇಡಿ. ಮತ್ತೆ, ಸರ್ಕಾರಿ ಆಸ್ಪತ್ರೆಯವರು ಇನ್ನೊಂದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರೆ ಗಾಡಿಗೆ ದುಡ್ಡು ಕೊಡಬೇಕಾಗಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹೆಸರು ಹೇಳಿ ಕೇಳಿ.

ಪ್ರಶ್ನೆ: ನಾನು ಆಂಬುಲೆನ್ಸ್ ಓಡಿಸುತ್ತೇನೆ. ಸಣ್ಣ ಮಕ್ಕಳಿರುವಾಗ ಎಸಿ ಹಾಕಬೇಕೇ? ಎಷ್ಟು ಸ್ಪೀಡ್?
– ಚಾಲಕ, ಸುರತ್ಕಲ್

ಉತ್ತರ: ಎಸಿ ಬೇಡ, ಕಿಟಕಿಯೂ ಮುಚ್ಚಿರಲಿ. ನಿಮಗೆ ಬೆವರು ಇಳಿಯುತ್ತದೆ, ಏಪ್ರಿಲ್‌ನಲ್ಲಂತೂ ಕೇಳುವುದೇ ಬೇಡ, ಸಹಿಸಿಕೊಳ್ಳಿ. ಹೊಂಡ, ಹಂಪ್ ಕಂಡಲ್ಲಿ ನಿಧಾನಿಸಿ. ತೀರಾ ಸಣ್ಣ ಮಗುವಿನ ಮಿದುಳಿನ ರಕ್ತನಾಳ ಬಲು ನಾಜೂಕು. ಪೆಟ್ಟಿಗೆ, ಸಿಲಿಂಡರ್ ಎರಡಕ್ಕೂ ಬೆಲ್ಟ್ ಬಿಗಿದಿದೆಯೇ ಅಂತ ನೀವೇ ಒಮ್ಮೆ ಎಳೆದು ನೋಡಿ. ಒಳಗಿನ ಸಿಸ್ಟರ್ ನಿಲ್ಲಿಸಿ ಅಂದರೆ ಯಾಕೆ ಅಂತ ಕೇಳದೆ ಬದಿಗೆ ಹಾಕಿ. ತಲುಪಲು ಹತ್ತು ನಿಮಿಷ ಇರುವಾಗ ಫೋನ್ ಮಾಡಿಸಿ, ಅವರು ಅಲ್ಲಿ ವಾರ್ಮರ್ ಆನ್ ಮಾಡಿಡಲಿ.