ಮುನ್ನೂರು ಪ್ರತಿಗಳ ಷರತ್ತು

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಯಸ್ಸು 44. ಹನ್ನೆರಡು ವರ್ಷಗಳಲ್ಲಿ ಬರೆದ ಹದಿನಾಲ್ಕು ಕತೆಗಳಿವೆ. ಅವುಗಳಲ್ಲಿ ಐದು ಕತೆಗಳು ಪತ್ರಿಕೆಗಳಲ್ಲಿ ಅಚ್ಚಾಗಿವೆ. ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ಹಸ್ತಪ್ರತಿಯನ್ನು ತಮ್ಮ ಪರಿಚಯದ ಪ್ರಕಾಶಕರೊಬ್ಬರಿಗೆ ತಲುಪಿಸಿದರು. ಅವರು ವಾರದೊಳಗೆ ಫೋನ್ ಮಾಡಿ, ಕತೆಗಳು ಬಹಳ ಚೆನ್ನಾಗಿವೆ, ರಾಜ್ಯೋತ್ಸವದ ಹೊತ್ತಿಗೆ ಬಿಡುಗಡೆ ಮಾಡೋಣ ಎಂದರು. ಆಮೇಲೆ ಕರಾರಿನ ಕರಡು ಬಂತು: 160 ಪುಟ, ಬೆಲೆ 200 ರೂಪಾಯಿ, 1000 ಪ್ರತಿ. ಅದರಲ್ಲಿ 300 ಪ್ರತಿಗಳನ್ನು ನಾನು ಶೇ 30ರ ರಿಯಾಯಿತಿಯಲ್ಲಿ, ಮುಂಗಡವಾಗಿ ಹಣ ಕೊಟ್ಟು ಕೊಳ್ಳಬೇಕು. ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ವೆಚ್ಚವೆಂದು 5,000 ರೂಪಾಯಿ ಬೇರೆ. ಮೊದಲ ಸಾವಿರ ಪ್ರತಿ ಮಾರಾಟವಾದ ಮೇಲೆ ಶೇ 10 ರಾಯಧನ (ಮಾರಾಟದಲ್ಲಿ ಲೇಖಕರ ಪಾಲು). ಕೃತಿಯ ಎಲ್ಲ ಬಗೆಯ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ. ನನ್ನ ಯಜಮಾನರು, ಈ ದುಡ್ಡಿನಲ್ಲಿ ಮಾಡಿನ ಹಂಚು ಬದಲಾಯಿಸಬಹುದಿತ್ತು ಎಂದು ಒಮ್ಮೆ ಹೇಳಿ ಸುಮ್ಮನಾದರು. ಅಮ್ಮನಿಗೆ 79, ಕಣ್ಣು ಮಂಜಾಗುತ್ತಿದೆ, ನನ್ನ ಪುಸ್ತಕ ನೋಡಬೇಕೆಂಬ ಆಸೆ ಅವರಿಗೆ. ಬೇಡವೆಂದರೆ ಮೇಷ್ಟ್ರ ಮನಸ್ಸು ನೋಯಬಹುದು, ಇನ್ನೊಬ್ಬ ಪ್ರಕಾಶಕರು ಸಿಗದೆಯೂ ಹೋಗಬಹುದು. ಏನು ಮಾಡಲಿ?

ಉತ್ತರ: ನಿಮ್ಮ ಕತೆಗಳು ಪುಸ್ತಕವಾಗಲು ಯೋಗ್ಯವೇ ಎಂಬುದು ಒಂದು ಪ್ರಶ್ನೆ, ಈ ಕರಾರಿಗೆ ಸಹಿ ಹಾಕಬಹುದೇ ಎಂಬುದು ಇನ್ನೊಂದು. ಆ ಫೋನ್ ಕರೆ ಮೊದಲನೆಯ ಪ್ರಶ್ನೆಗೆ ಹೌದೆಂದು ಉತ್ತರ ಕೊಟ್ಟಂತೆ ನಿಮಗೆ ಕೇಳಿಸಿದೆ. ಹಾಗಾಗಿಯೇ ಎರಡನೆಯದಕ್ಕೆ ಇಲ್ಲವೆನ್ನಲು ಹೆದರುತ್ತಿದ್ದೀರಿ. ಇಲ್ಲವೆಂದರೆ ಸಿಕ್ಕ ಮೆಚ್ಚುಗೆಯೂ ಕೈಬಿಟ್ಟು ಹೋದೀತು ಎಂಬ ಅಳುಕು ನಿಮ್ಮ ಪತ್ರದ ಸಾಲುಸಾಲಿನಲ್ಲೂ ಇದೆ. ಆದರೆ ನಿಮ್ಮ ಐದು ಕತೆಗಳನ್ನು ಅಚ್ಚು ಮಾಡಿದ ಸಂಪಾದಕರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ, ಮೇಷ್ಟ್ರ ಮೂಲಕವೂ ಬಂದವರಲ್ಲ. ಕತೆಗಳ ಬಗ್ಗೆ ತೀರ್ಪು ಬೇಕಿದ್ದರೆ ನಾನು ಆ ಸಂಪಾದಕರನ್ನು ನಂಬುತ್ತೇನೆ.

ಇನ್ನು ಲೆಕ್ಕ. ಪ್ರತಿಗೆ 140ರಂತೆ 300 ಪ್ರತಿಗೆ 42,000, ಐಎಸ್‌ಬಿಎನ್ ಹೆಸರಿನ 5,000 ಸೇರಿದರೆ 47,000 ರೂಪಾಯಿ, ಅದೂ ಮುದ್ರಣಕ್ಕೆ ಮೊದಲು. ಐಎಸ್‌ಬಿಎನ್ ಮಾತನ್ನು ಇಲ್ಲೇ ಮುಗಿಸುತ್ತೇನೆ: ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಿದರೂ ಕೊಡುತ್ತದೆ. ಉಚಿತವಾಗಿ ಸಿಗುವುದಕ್ಕೆ ಐದು ಸಾವಿರ ಬರೆದವರ ಉಳಿದ ಲೆಕ್ಕಗಳನ್ನೂ ಕನ್ನಡಕ ಹಾಕಿಕೊಂಡೇ ಓದಬೇಕು.

ರಾಯಧನದ ಷರತ್ತನ್ನೇ ನೋಡಿ. ಮುಖಬೆಲೆಯ ಶೇ 10 ಎಂಬುದು ಕನ್ನಡದಲ್ಲಿ ರೂಢಿಯಲ್ಲಿರುವ ದರವೇ. ಆದರೆ ಸಾವಿರ ಪ್ರತಿ ಮುಗಿದ ಮೇಲೆ ಎಂದರೆ ಮೊದಲ ಮುದ್ರಣಕ್ಕೆ ನಿಮಗೆ ಬರಬೇಕಾದ 20,000 ರೂಪಾಯಿ ಇಲ್ಲವೆಂದೇ ಅರ್ಥ. ಹೊಸ ಕತೆಗಾರರ ಸಂಕಲನ ಎರಡನೆಯ ಮುದ್ರಣ ಕಾಣುವುದು ಅಪರೂಪ ಎಂಬುದು ಪ್ರಕಾಶಕರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಶೇ 10 ಯಾವುದರ ಮೇಲೆ ಎಂಬುದನ್ನೂ ಕರಡು ಹೇಳಿಲ್ಲ. ಮುಖಬೆಲೆಯ ಮೇಲಾದರೆ ಪ್ರತಿಗೆ 20 ರೂಪಾಯಿ. ಅಂಗಡಿಗೆ ಶೇ 40 ರಿಯಾಯಿತಿ ಕೊಟ್ಟು ಉಳಿದ ಮೊತ್ತದ ಮೇಲಾದರೆ 12 ರೂಪಾಯಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗುವ ಪ್ರತಿಗಳು ರಾಯಧನದ ಲೆಕ್ಕಕ್ಕೆ ಬರುತ್ತವೆಯೇ ಎಂದೂ ಕೇಳಬೇಕು, ಏಕೆಂದರೆ ಬಹಳಷ್ಟು ಕನ್ನಡ ಪುಸ್ತಕಗಳ ದೊಡ್ಡ ಗಿರಾಕಿ ಆ ಇಲಾಖೆಯೇ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹಕ್ಕುಗಳ ಸಾಲು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದ ಗಳಿಗೆಯಿಂದಲೇ ಆ ಕತೆಗಳ ಒಡೆಯರು ನೀವು. ಯಾವ ನೋಂದಣಿಯೂ ಬೇಕಿಲ್ಲ. ಆ ಒಡೆತನ ನಿಮ್ಮ ಜೀವಿತಾವಧಿಗೂ ಅನಂತರದ 60 ವರ್ಷಗಳಿಗೂ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನಕ್ಕೆ ಎಂಬುದೆಲ್ಲ ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಇರಬೇಕೆಂದು 19ನೇ ಕಲಮು ಹೇಳುತ್ತದೆ. ಕಾಲಾವಧಿಯನ್ನು ಬರೆಯದೆ ಬಿಟ್ಟಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ತಿಳಿಯುತ್ತದೆ. ಒಂದು ವರ್ಷದೊಳಗೆ ಪ್ರಕಾಶಕರು ಆ ಹಕ್ಕನ್ನು ಬಳಸದಿದ್ದರೆ, ಕರಾರು ಬೇರೆ ರೀತಿ ಹೇಳದ ಪಕ್ಷದಲ್ಲಿ, ಅದು ತಾನಾಗಿ ಬಿದ್ದುಹೋಗುತ್ತದೆ. ಹೀಗೆ ಏನೂ ಬರೆಯದಿದ್ದರೂ ಕಾನೂನು ನಿಮ್ಮ ಪರವಾಗಿ ನಿಲ್ಲುತ್ತಿದ್ದ ಜಾಗದಲ್ಲಿ ‘ಶಾಶ್ವತವಾಗಿ’ ಎಂಬ ಒಂದೇ ಪದ ಬಂದು ಕುಳಿತು, ನಿಮ್ಮ ಮೊಮ್ಮಕ್ಕಳ ಕಾಲದ ತನಕದ ಹಕ್ಕನ್ನು ಎತ್ತಿಕೊಂಡು ಹೋಗುತ್ತಿದೆ. ‘ಎಲ್ಲ ಬಗೆಯ’ ಎಂಬುದರೊಳಗೆ ಅನುವಾದ, ನಾಟಕ, ಸಿನಿಮಾ, ಇ-ಪುಸ್ತಕ, ಆಡಿಯೊ ಎಲ್ಲವೂ ಸೇರುತ್ತವೆ. ನಾಳೆ ಯಾರಾದರೂ ನಿಮ್ಮ ಒಂದು ಕತೆಯನ್ನು ಕಿರುಚಿತ್ರ ಮಾಡುತ್ತೇನೆಂದು ಬಂದರೆ, ಹ್ಞೂಂ ಎನ್ನುವ ಅಧಿಕಾರ ನಿಮಗಿರುವುದಿಲ್ಲ.

ಇದು ಆ ಪ್ರಕಾಶಕರ ಖಾಯಂ ಪದ್ಧತಿಯೋ ಅಥವಾ ಎಲ್ಲಿಂದಲೋ ನಕಲು ಮಾಡಿದ ನಮೂನೆಯೋ ಎಂದು ತಿಳಿಯಲು ಸುಲಭದ ದಾರಿಯಿದೆ. ಶಿವಮೊಗ್ಗಕ್ಕೆ ಹೋದಾಗ ಪುಸ್ತಕದ ಅಂಗಡಿಯಲ್ಲಿ ಅವರ ಪ್ರಕಟಣೆಗಳನ್ನು ಕೇಳಿ, ಶೀರ್ಷಿಕೆ ಪುಟದ ಹಿಂಬದಿಯನ್ನು ಓದಿ. ಪ್ರತಿಗಳು ಎಷ್ಟು, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂದೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಆ ಪುಟದಲ್ಲಿ ‘ಹಕ್ಕುಗಳು’ ಎಂಬುದರ ಮುಂದೆ ಲೇಖಕರ ಹೆಸರಿದೆಯೋ ಪ್ರಕಾಶನದ ಹೆಸರಿದೆಯೋ ನೋಡಿ. ಅಂಗಡಿಯಲ್ಲಿ ಅವರ ಪುಸ್ತಕ ಒಂದೂ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ನಾವು ಪ್ರಕಾಶಕರ ಬಳಿ ಹೋಗುವುದು ಪುಸ್ತಕವನ್ನು ಅಂಗಡಿಗೆ ಮುಟ್ಟಿಸಲು ತಾನೆ?

ಕೈಯಿಂದ ಹಣ ಹಾಕುವುದು ಅವಮಾನವೆಂದು ನಾನು ಹೇಳುವುದಿಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಕುವೆಂಪು ಅವರ ಹಲವು ಕೃತಿಗಳು ಅವರದೇ ಉದಯರವಿ ಪ್ರಕಾಶನದಿಂದ ಬಂದವು. ದುಡ್ಡು ಹಾಕಿದವರ ಕೈಯಲ್ಲಿ ಹಕ್ಕೂ ಇತ್ತು. ನಿಮ್ಮ ಕರಡಿನಲ್ಲಿ ದುಡ್ಡು ನಿಮ್ಮದು, ಹಕ್ಕು ಅವರದು. ನನ್ನ ಮೊದಲ ಪ್ರಬಂಧ ಸಂಕಲನಕ್ಕೆ ನಾನೂ 200 ಪ್ರತಿ ಕೊಂಡವನು. ಖಾಕಿ ಕಾಗದ ಸುತ್ತಿ ಸುತಳಿ ಬಿಗಿದ ಎಂಟು ಕಟ್ಟುಗಳು ಬಂದವು, ಒಂದೊಂದರಲ್ಲಿ 25 ಪುಸ್ತಕ. ಮೂರು ಕಟ್ಟು ಮದುವೆ, ಗೃಹಪ್ರವೇಶಗಳ ಉಡುಗೊರೆಯಾಗಿ ಕರಗಿದವು. ಕೊಟ್ಟವರಲ್ಲಿ ಓದಿದೆನೆಂದು ಹೇಳಿದವರು ಇಬ್ಬರು. ಉಳಿದವು ಮಂಚದಡಿ ಸೇರಿ, ಎರಡನೆಯ ಮಳೆಗಾಲಕ್ಕೆ ತಳದ ಕಟ್ಟಿಗೆ ಗೆದ್ದಲು ಹತ್ತಿತು. ನಿಮ್ಮದು ಹನ್ನೆರಡು ಕಟ್ಟಾಗುತ್ತದೆ, ಅದೂ ಮಲೆನಾಡಿನ ಮಳೆಯಲ್ಲಿ. ಹಂಚು ಬದಲಾಯಿಸುವ ಮಾತು ಅಷ್ಟೇನೂ ಅಪ್ರಸ್ತುತವಲ್ಲ.

ಹಾಗೆಂದು ಬಾಗಿಲು ಮುಚ್ಚಿಬಿಡಬೇಡಿ. ಕರಡು ಎಂದರೆ ತಿದ್ದಲು ಇರುವುದು. ಕನ್ನಡ ಶಿಕ್ಷಕಿಗೆ ಅದನ್ನು ಹೇಳಬೇಕಿಲ್ಲ. ಪ್ರಕಾಶಕರಿಗೆ ಮರ್ಯಾದೆಯಿಂದ ಹೀಗೊಂದು ಕಾಗದ ಬರೆಯಿರಿ: ಕನ್ನಡದಲ್ಲಿ ಪುಸ್ತಕ ರೂಪದ ಮುದ್ರಣ ಹಕ್ಕನ್ನು ಮಾತ್ರ ಐದು ವರ್ಷಕ್ಕೆ ಕೊಡಲು ಸಿದ್ಧಳಿದ್ದೇನೆ, ಉಳಿದ ಹಕ್ಕುಗಳು ನನ್ನಲ್ಲೇ ಇರಲಿ. ಮೊದಲ ಪ್ರತಿಯಿಂದಲೇ ಮುಖಬೆಲೆಯ ಶೇ 10 ರಾಯಧನವಿರಲಿ, ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಬರಲಿ. ಪ್ರತಿಗಳು ಮುಗಿದು ಆರು ತಿಂಗಳಾದರೂ ಮರುಮುದ್ರಣವಾಗದಿದ್ದರೆ ಹಕ್ಕು ಮರಳಲಿ. ಕಡ್ಡಾಯ ಖರೀದಿ ಬೇಡ, ಬಿಡುಗಡೆಯ ದಿನ ಮಾರಲು ನಾನೂ ಕೈಜೋಡಿಸುತ್ತೇನೆ. ಇದರಲ್ಲಿ ದುರಾಸೆಯ ಮಾತು ಒಂದೂ ಇಲ್ಲ. ಅವರು 300ನ್ನು 50ಕ್ಕೆ ಇಳಿಸಿ, ಹಕ್ಕಿನ ಸಾಲನ್ನು ತಿದ್ದಿಕೊಟ್ಟರೆ ನಾನಾದರೆ ಒಪ್ಪುತ್ತಿದ್ದೆ. ಖರೀದಿಯಲ್ಲಿ ಜಗ್ಗಾಟ ನಡೆಯಲಿ; ‘ಶಾಶ್ವತ’ದಲ್ಲಿ ಬೇಡ.

ಅವರು ಏನೂ ಬದಲಾಗದೆಂದರೆ, ಎರಡು ಮುದ್ರಣಾಲಯಗಳಲ್ಲಿ ಕೊಟೇಶನ್ ಕೇಳಿ: ಡೆಮಿ 1/8 ಆಕಾರ, 160 ಪುಟ, 300 ಪ್ರತಿ, ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ) ಮತ್ತು ಮುಖಪುಟದ ವೆಚ್ಚ ಬೇರೆ ಬೇರೆಯಾಗಿ. 47,000ದ ಪಕ್ಕದಲ್ಲಿ ಆ ಮೊತ್ತವನ್ನಿಟ್ಟು ನೋಡಿದರೆ, ಪ್ರಕಾಶನದ ಲಾಂಛನವೊಂದಕ್ಕೆ ಎಷ್ಟು ತೆರುತ್ತಿದ್ದೀರೆಂದು ತಿಳಿಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ ಯುವ ಬರಹಗಾರರಿಗೆ ಮೀಸಲು, ನಿಮಗೆ ಸಿಗದು. ಮನೆ, ಮಕ್ಕಳು, ಶಾಲೆ ಎಲ್ಲ ಮುಗಿಸಿ ನಲವತ್ತರ ಮೇಲೆ ಚೊಚ್ಚಲ ಕೃತಿ ತರುವ ಹೆಂಗಸರೂ ಕನ್ನಡದಲ್ಲಿದ್ದಾರೆ ಎಂಬುದು ಯೋಜನೆ ಮಾಡುವವರಿಗೆ ಹೊಳೆಯುವುದು ಯಾವಾಗಲೋ.

ಅಮ್ಮನ ಆಸೆಯನ್ನು ರಾಜ್ಯೋತ್ಸವದ ತಾರೀಕಿಗೆ ಕಟ್ಟಿಹಾಕಬೇಡಿ. ಈ ವಾರವೇ ಡಿಟಿಪಿ ಅಂಗಡಿಯಲ್ಲಿ ಕತೆಗಳನ್ನು ದಪ್ಪಕ್ಷರದಲ್ಲಿ, 20 ಪಾಯಿಂಟಿನಲ್ಲಿ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಅವರ ಕೈಗೆ ಕೊಡಿ. ಮನೆಯವರಿಗೆಂದು ಮಾಡಿಸಿದ ಒಂದು ಪ್ರತಿ ಪ್ರಕಟಣೆಯಾಗುವುದಿಲ್ಲ, ಯಾವ ಕರಾರಿಗೂ ಅದರಿಂದ ಬಾಧಕವಿಲ್ಲ. ಅವರಿಗೆ ಓದಲಾಗದ ಪುಟಗಳನ್ನು ಸಂಜೆ ನೀವೇ ಓದಿ ಹೇಳಬಹುದು.

ಮೇಷ್ಟ್ರು ಹಸ್ತಪ್ರತಿಯನ್ನು ತಲುಪಿಸಿದರೇ ಹೊರತು ಕರಾರು ಬರೆದವರಲ್ಲ. ಬಹುಶಃ ಈ ಕರಡನ್ನು ಅವರು ಕಂಡೂ ಇರಲಿಕ್ಕಿಲ್ಲ. ಪ್ರಕಾಶಕರಿಗೆ ಬರೆಯುವ ಮೊದಲು ಕರಡನ್ನು ಅವರ ಮನೆಗೇ ಒಯ್ದು, ‘ಸರ್, ಇದನ್ನು ಒಮ್ಮೆ ಓದಿ, ನಾನು ಹೀಗೆ ಕೇಳಬೇಕೆಂದಿದ್ದೇನೆ’ ಎನ್ನಿ. ಹಿಂದಿನಿಂದ ಗೊತ್ತಾದರೆ ನೋಯುವ ಮನಸ್ಸು, ಮುಂಚೆಯೇ ಕೇಳಿದರೆ ನಿಮ್ಮ ಜೊತೆಗೆ ನಿಲ್ಲುವ ಸಂಭವವೇ ಹೆಚ್ಚು. ಅವರನ್ನು ಕಂಡು ಬಂದ ಮೇಲೆ ಕಾಗದ ಕಳುಹಿಸಿ. ಉತ್ತರ ಫೋನಿನಲ್ಲಿ ಬಂದರೆ, ದಯವಿಟ್ಟು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಅಲ್ಲಿಯ ತನಕ ಮುಂಗಡವೆಂದು ಒಂದು ರೂಪಾಯಿಯನ್ನೂ ಕಳುಹಿಸಬೇಡಿ.