ಫ್ರೀಡೈವಿಂಗ್‌ನ ಉದ್ದ ಫಿನ್ ಹಾಕಿಕೊಂಡು ಸ್ಕೂಬಾ ಮಾಡಬಹುದಾ?

ಫ್ರೀಡೈವಿಂಗ್‌ಗೆ (ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗುವುದು) ಅಂತ ಕಾಲಿಗೆ ಹಾಕುವ ಉದ್ದದ ಫಿನ್, ಅಂದರೆ ಈಜುರೆಕ್ಕೆ, ತಗೊಂಡಿದ್ದೀರಿ, ಡಿಸೆಂಬರ್‌ನಲ್ಲಿ ಮೈಸೂರಿನಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡಲು ಹೊರಟಿದ್ದೀರಿ, ಇನ್ನೊಂದು ಜೊತೆಗೆ ಯಾಕೆ ದುಡ್ಡು ಸುರಿಯಬೇಕು ಅಂತ ಕೇಳಿದ್ದೀರಿ. ಹಾಕಿಕೊಳ್ಳಲೇಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ನೇತ್ರಾಣಿಗೆ, ಅದೂ ಮೊದಮೊದಲ ಡೈವ್‌ಗಳಿಗೆ, ದಯವಿಟ್ಟು ಬೇಡ. ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿ ಕೆಟ್ಟವನು.

ನಾನು ಮಂಡ್ಯ ಕಡೆಯವನು. ನಾಲೆಯಲ್ಲಿ ಈಜು ಕಲಿತು ಬೆಳೆದದ್ದರಿಂದ ಕಾಲಿನ ಮೇಲೆ ಸ್ವಲ್ಪ ಜಾಸ್ತಿಯೇ ನಂಬಿಕೆ. ಸ್ಕೂಬಾ ಕೋರ್ಸ್ ಮುಗಿಸಿದ ಮೇಲೆ ಒಂದು ಸಲ ಮುರುಡೇಶ್ವರದ ರಾತ್ರಿ ರೈಲಿಗೆ ಉದ್ದ ಫಿನ್ನಿನ ಬ್ಯಾಗ್ ಹೊತ್ತುಕೊಂಡು ಹತ್ತಿದೆ. ಸೀಟಿನ ಕೆಳಗೆ ತುರುಕಲು ಒದ್ದಾಡುತ್ತಿದ್ದಾಗ ಎದುರಿಗಿದ್ದ ಯಜಮಾನರು, ‘ಏನಪ್ಪ ಅದು, ಹರಿಗೋಲಿನ ಹುಟ್ಟಾ?’ ಅಂದರು. ನಕ್ಕು, ಹೂಂ ಅಂದೆ.

ಮರುದಿನ ನೀರಿಗೆ ಇಳಿದಾಗ ಮೊದಲ ಐದು ನಿಮಿಷ ಮಜಾ ಇತ್ತು. ಎರಡು ಸಲ ಕಾಲು ಬೀಸಿದರೆ ಗುಂಪನ್ನೆಲ್ಲ ಹಿಂದೆ ಹಾಕಿಬಿಡುತ್ತಿದ್ದೆ. ನಮ್ಮನ್ನು ಕರೆದೊಯ್ಯುತ್ತಿದ್ದ ಡೈವ್ ಮಾಸ್ಟರ್ ಕೈಸನ್ನೆ ಮಾಡಿ ವಾಪಸ್ ಬಾ ಅಂದಾಗಲೇ ತೊಂದರೆ ಶುರುವಾದದ್ದು. ಗಿಡ್ಡ ಫಿನ್ ಆದರೆ ಪಾದ ಆಡಿಸಿಕೊಂಡು ನಿಂತಲ್ಲೇ ತಿರುಗಬಹುದು, ಹಿಂದಕ್ಕೂ ಸರಿಯಬಹುದು. ಮೀಟರ್ ಉದ್ದದ್ದರಲ್ಲಿ ತಿರುಗುವುದು ಅಂದರೆ ಕೆಎಸ್ಸಾರ್ಟಿಸಿ ಬಸ್ಸನ್ನು ದೇವರಾಜ ಮಾರ್ಕೆಟ್ ಒಳಗೆ ರಿವರ್ಸ್ ತೆಗೆದ ಹಾಗೆ. ತಿರುಗುವಾಗ ಹಿಂದೆ ಏನೋ ಟಕ್ ಅಂತು. ಬಗ್ಗಿ ನೋಡಿದರೆ ಬಂಡೆ ಮೇಲಿನ ಹವಳದಲ್ಲಿ ಬೆಳ್ಳಗೆ ಒಂದು ಗೀರು. ಬೆರಳುದ್ದದ ಚೂರೊಂದು ಉರುಳಿ ಕೆಳಗೆ ಹೋಗುತ್ತಿತ್ತು. ಫಿನ್ನಿನ ತುದಿಗೆ ನರ ಇಲ್ಲವಲ್ಲ, ತಾಗಿದ್ದೇ ಗೊತ್ತಾಗಿರಲಿಲ್ಲ. ಅಷ್ಟು ಬೆಳೆಯಲು ಹವಳಕ್ಕೆ ವರ್ಷಗಳೇ ಬೇಕು.

25 ನಿಮಿಷಕ್ಕೆ, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಗೇಜ್ ನೋಡಿದೆ. ನನ್ನದು 60 ಬಾರ್ (ಗಾಳಿಯ ಒತ್ತಡದ ಅಳತೆ), ಜೊತೆಗಾರನದು 110. ಇಬ್ಬರೂ 200ರಿಂದಲೇ ಶುರು ಮಾಡಿದ್ದೆವು.

ಯಾಕೆ ಹೀಗಾಯಿತು ಅಂತ ಆಮೇಲೆ ಅರ್ಥವಾಯಿತು. ಫ್ರೀಡೈವರ್ ಬೆನ್ನ ಮೇಲೆ ಏನೂ ಇರುವುದಿಲ್ಲ. ಮೈಯನ್ನು ಈಟಿಯ ಹಾಗೆ ನೆಟ್ಟಗೆ ಮಾಡಿ, ಸೊಂಟದಿಂದಲೇ ಕಾಲು ಬೀಸಿ, ಒಂದೇ ಉಸಿರಿನಲ್ಲಿ ಕೆಳಗೆ ಹೋಗಿ ಬರುತ್ತಾನೆ. ಫಿನ್ನಿನ ಆ ಉದ್ದ ಹಾಳೆ, ಅಂದರೆ ಬ್ಲೇಡ್, ಮಾಡಿರುವುದೇ ಅದಕ್ಕೆ. ಸ್ಕೂಬಾದಲ್ಲಿ ಸಿಲಿಂಡರ್, ಜಾಕೆಟ್, ಪೈಪು ಎಲ್ಲ ನೀರನ್ನು ತಳ್ಳಿಕೊಂಡು ಹೋಗಬೇಕು. ಉದ್ದ ಬ್ಲೇಡ್ ಅಂದರೆ ಸೈಕಲ್ಲಿನ ಟಾಪ್ ಗೇರ್. ಟಾಪ್ ಗೇರ್‌ನಲ್ಲೇ ಚಾಮುಂಡಿ ಬೆಟ್ಟ ಹತ್ತಿ ನೋಡಿ, ತೊಡೆ ಏನು ಹೇಳುತ್ತದೆ ಅಂತ! ಕಾಲು ಸೋತರೆ ಏದುಸಿರು. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲಿನದರ ಎರಡರಷ್ಟು ಗಾಳಿ ಖರ್ಚಾಗುತ್ತದೆ. ಅಲ್ಲಿ ಏದುಸಿರು ಬಿಟ್ಟರೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಸ್ಕೂಬಾದವರು ಕಪ್ಪೆಯ ಹಾಗೆ ಕಾಲು ಮಡಚಿ ಒದೆಯುತ್ತಾರೆ, ಫ್ರಾಗ್ ಕಿಕ್ ಅಂತಾರೆ. ನೀರು ಹಿಂದಕ್ಕೆ ಹೋಗುತ್ತದೆ, ಕೆಳಗಿನ ಮರಳು ಏಳುವುದಿಲ್ಲ. ಉದ್ದ ಫಿನ್‌ನಲ್ಲಿ ಅದನ್ನು ಮಾಡಲು ಹೋದರೆ ಎರಡು ಬ್ಲೇಡೂ ಒಂದಕ್ಕೊಂದು ಬಡಿಯುತ್ತವೆ. ಮೇಲೆ ಕೆಳಗೆ ಬೀಸಿದರೆ ಮರಳು ಎದ್ದು ಹಿಂದಿನವರಿಗೆ ಏನೂ ಕಾಣಲ್ಲ. ನನ್ನ ಹಿಂದೆ ಬರುತ್ತಿದ್ದವರ ಮಾಸ್ಕಿಗೂ ಒಂದು ಏಟು ಬಿದ್ದಿತ್ತಂತೆ. ಬೋಟ್ ಹತ್ತಿದ ಮೇಲೆ ಹೇಳಿದರು, ಪಾಪ.

ಆ ಹತ್ತುವುದೂ ಒಂದು ಕಥೆಯೇ. ಏಣಿಗೆ ಮುಂಚೆ ಅಲೆಯಲ್ಲಿ ಫಿನ್ ಬಿಚ್ಚಬೇಕು. ಉದ್ದದವು ಶೂ ಥರ ಪೂರ್ತಿ ಪಾದ ಮುಚ್ಚುತ್ತವೆ, ಬೇಗ ಕಳಚುವುದಿಲ್ಲ. ಕಳಚಿದ್ದರಲ್ಲಿ ಒಂದು ತೇಲಿಕೊಂಡು ಹೊರಟೇಹೋಯಿತು. ಬೋಟಿನ ಹುಡುಗ ಹಾರಿ ತಂದುಕೊಟ್ಟ.

ಇಷ್ಟೂ ಫಿನ್ನಿನ ಮಾತಾಯಿತು. ನನಗೆ ಇನ್ನೂ ಜಾಸ್ತಿ ಭಯ ಇರುವುದು ಫಿನ್ ಜೊತೆ ಬರುವ ಅಭ್ಯಾಸದ ಬಗ್ಗೆ. ಫ್ರೀಡೈವಿಂಗ್‌ನಲ್ಲಿ ಉಸಿರು ಕಟ್ಟುವುದೇ ವಿದ್ಯೆ, ಸ್ಕೂಬಾದಲ್ಲಿ ಅದೇ ಅಪಾಯ. 10 ಮೀಟರ್‌ನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದುಕೊಂಡೇ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಕಾಲಿಗೆ ಆ ಫಿನ್ ಹಾಕಿದ ತಕ್ಷಣ ನಾನು ಗೊತ್ತಿಲ್ಲದೆ ಉಸಿರು ಹಿಡಿಯುತ್ತಿದ್ದೆ. ಇನ್ನೊಂದು ವಿಷಯ: ಸ್ಕೂಬಾ ಮುಗಿಸಿ, ಹೇಗೂ ಫಿನ್ ಇದೆ ಅಂತ ಸುಮ್ನೆ ಅದೇ ದಿನ ಫ್ರೀಡೈವಿಂಗ್‌ಗೆ ಇಳಿಯಬೇಡಿ. ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ, ಆಳಕ್ಕೆ ಹೋಗಿ ಸರ್ರನೆ ಮೇಲೆ ಬಂದರೆ ಅದು ರಕ್ತದಲ್ಲಿ ಗುಳ್ಳೆಗುಳ್ಳೆಯಾಗಿ ಕಟ್ಟಿಕೊಳ್ಳಬಹುದು.

ಹಾಗಾದರೆ ಉದ್ದ ಫಿನ್ನಿಗೆ ಸ್ಕೂಬಾದಲ್ಲಿ ಜಾಗವೇ ಇಲ್ಲವಾ? ಇದೆ. ತಳ ದೂರ ಇರುವ ತೆರೆದ ನೀರು, ನೇರವಾಗಿ ತುಂಬಾ ದೂರ ಹೋಗಬೇಕು, ಹತ್ತಿರ ಯಾರೂ ಇಲ್ಲ ಅಂದರೆ ಪಳಗಿದವರು ಹಾಕುತ್ತಾರೆ. ನೇತ್ರಾಣಿಯಲ್ಲಿ ನಾವು ನೋಡುವುದು ಬಂಡೆ, ಹವಳದ ಪಕ್ಕದಲ್ಲೇ ನಿಧಾನಕ್ಕೆ ಸುತ್ತಾಡಿಕೊಂಡು. ಅಲ್ಲಿ ವೇಗ ತಗೊಂಡು ಏನು ಮಾಡುತ್ತೀರಿ?

ದುಡ್ಡಿನ ವಿಷಯಕ್ಕೆ ಬಂದರೆ, ಡೈವ್‌ಗೆ ಕೊಡುವ ದುಡ್ಡಿನಲ್ಲೇ ಸಾಮಾನ್ಯವಾಗಿ ಗಿಡ್ಡ ಫಿನ್ ಸೇರಿರುತ್ತದೆ. ಬುಕ್ ಮಾಡುವಾಗ ಫೋನಿನಲ್ಲಿ ಕೇಳಿ, ಪಾದದ ಸೈಜ್ ಹೇಳಿಬಿಡಿ. ಹೊರಡುವ ಮುಂಚೆ ಯಾವುದಾದರೂ ಈಜುಕೊಳದಲ್ಲಿ ಫ್ರಾಗ್ ಕಿಕ್ ಅಭ್ಯಾಸ ಮಾಡಿ, ಕೆಲವು ಕಡೆ ಫಿನ್ ಬಿಡಲ್ಲ, ಮೊದಲೇ ವಿಚಾರಿಸಿ. ಕೆಆರ್‌ಎಸ್ ಹಿನ್ನೀರು, ವಿ.ಸಿ. ನಾಲೆ ಕಡೆ ಮಾತ್ರ ಪ್ರಯೋಗಕ್ಕೆ ಹೋಗಬೇಡಿ, ನಾಲೆಯಲ್ಲಿ ಬೆಳೆದವನೇ ಹೇಳುತ್ತಿದ್ದೇನೆ. ನಿಮ್ಮ ಉದ್ದ ಫಿನ್ ಕಾರ್ಬನ್ ಫೈಬರಿನದಾದರೆ ಅದನ್ನು ಬೋಟಿನ ಸಿಲಿಂಡರ್ ರಾಶಿಯ ಹತ್ತಿರ ಇಡುವ ಯೋಚನೆಯನ್ನೂ ಬಿಡಿ. ಒಂದು ಸಿಲಿಂಡರ್ ಉರುಳಿದರೆ ಬ್ಲೇಡ್ ಸೀಳುತ್ತದೆ.